ಗಾಜಿನ ತೊಟ್ಟಿಯ ಜಮಾ-ಖರ್ಚು

ಮನೆಯ ದಿವಾನಖಾನೆಯಲ್ಲಿ ಬಣ್ಣದ ಮೀನುಗಳ ಗಾಜಿನ ತೊಟ್ಟಿಯನ್ನಿರಿಸುವ ರೂಢಿಯು ಇಂದಿನ ದಿನಮಾನಗಳಲ್ಲಿ ಶ್ರಾವಕರ ಮನೆಗಳನ್ನೂ ಬಿಟ್ಟಿಲ್ಲ. ಕೆಲವು ಕಲ್ಯಾಣಮಂಟಪಗಳ, ಯಾತ್ರಿನಿವಾಸಗಳ ಪಡಸಾಲೆಗಳಿಗೂ ಅದು ಪ್ರವೇಶಿಸಿದೆ. ಅಕ್ವೇರಿಯಂ ಎಂದು ಎಲ್ಲರೂ ಕರೆಯುವ ಈ ತೊಟ್ಟಿಯನ್ನು ಸಮರ್ಥಿಸುವವರು ಸಾಮಾನ್ಯವಾಗಿ ಮೂರು ಮಾತುಗಳನ್ನು ಮುಂದಿಡುತ್ತಾರೆ. ಅದು ಕಣ್ಣಿಗೆ ತಂಪು, ವಾಸ್ತುವಿಗೆ ಶುಭ, ಮತ್ತು ಅದಕ್ಕೆ ತಗಲುವ ವಿದ್ಯುತ್ತಿನ ಖರ್ಚು ಅತ್ಯಲ್ಪ. ಮೊದಲನೆಯದು ಅವರವರ ರುಚಿಗೆ ಸೇರಿದ್ದು. ಎರಡನೆಯದನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಮನೆಗೆ ಬರಲಿದ್ದ ಕೇಡನ್ನು ಮೀನು ತನ್ನ ಮೇಲೆಳೆದುಕೊಂಡು ಸಾಯುತ್ತದೆಂಬ ನಂಬಿಕೆಗೂ, ಜೀವನು ತಾನು ಕಟ್ಟಿಕೊಂಡ ಕರ್ಮದ ಫಲವನ್ನು ತಾನೇ ಉಣ್ಣಬೇಕೆಂಬ ಸಿದ್ಧಾಂತಕ್ಕೂ ಎಣ್ಣೆ-ಸೀಗೆಯ ಸಂಬಂಧ. ಗಾಳಿಯ ಪಂಪು ನಿಂತು ಸತ್ತ ಮೀನನ್ನು ಮನೆಯ ಗ್ರಹಚಾರದ ಖಾತೆಗೆ ಬರೆಯುವುದು ತಪ್ಪು ಲೆಕ್ಕ. ಮೂರನೆಯ ಮಾತು ಮಾತ್ರ ನಿಜವಾಗಿ ವಿಚಾರಾರ್ಹವಾದದ್ದು. ಏಕೆಂದರೆ ಅದರ ಗಣಿತ ಸರಿಯಿದೆ. ಖಾತೆ ಮಾತ್ರ ತಪ್ಪಿದೆ.

ಕಲಬುರಗಿಯ ಐವಾನ್-ಎ-ಶಾಹಿ ಭಾಗದ ಒಂದು ಮಧ್ಯಮ ವರ್ಗದ ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ನಿಜಾಮರ ಕಾಲದ ಅತಿಥಿಗೃಹದಿಂದ ಹೆಸರು ಪಡೆದ ಆ ಬಡಾವಣೆಯಲ್ಲಿ ಹಳೆಯ ದಪ್ಪ ಗೋಡೆಯ ಕಟ್ಟಡಗಳ ನೆರೆಯಲ್ಲಿಯೇ ಕಾಂಕ್ರೀಟಿನ ಹೊಸ ಮನೆಗಳೂ ಇವೆ. ಅಂತಹ ಒಂದು ಹೊಸ ಮನೆಯಲ್ಲಿ ಎರಡು ಅಡಿ ಉದ್ದದ, ಸುಮಾರು 60 ಲೀಟರ್ ನೀರು ಹಿಡಿಯುವ ತೊಟ್ಟಿಯಿದೆಯೆಂದಿಟ್ಟುಕೊಳ್ಳೋಣ. ಅದರ ಗಾಳಿಯ ಪಂಪು 4 ವ್ಯಾಟಿನದು, ನೀರು ಸೋಸುವ ಫಿಲ್ಟರು 8 ವ್ಯಾಟಿನದು. ಇವೆರಡೂ ದಿನದ 24 ಗಂಟೆಯೂ ನಡೆಯಬೇಕು. ಮೇಲಿನ ಎಲ್‌ಇಡಿ ದೀಪ 10 ವ್ಯಾಟಿನದು, ದಿನಕ್ಕೆ 8 ಗಂಟೆ ಉರಿಯುತ್ತದೆ. ಪಂಪಿಗೆ 96, ಫಿಲ್ಟರಿಗೆ 192, ದೀಪಕ್ಕೆ 80. ಒಟ್ಟು ದಿನಕ್ಕೆ 368 ವ್ಯಾಟ್-ಗಂಟೆ. ತಿಂಗಳಿಗೆ 11 ಯೂನಿಟ್. ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ 66 ರೂಪಾಯಿ. ವರ್ಷಕ್ಕೆ 134 ಯೂನಿಟ್, ಸುಮಾರು 800 ರೂಪಾಯಿ.

ಮೀನಿನ ಅಂಗಡಿಯವರು ಹೇಳುವ ಲೆಕ್ಕ ಇದೇ. ನೆಹರೂ ಗಂಜಿನ ಅಡತಿ ವ್ಯಾಪಾರಿಗೆ ಈ 66 ರೂಪಾಯಿ ಒಂದು ಲೆಕ್ಕವೇ ಅಲ್ಲ. ಅವನ ಅಂಗಡಿಯ ಚಹದ ಖರ್ಚು ಇದಕ್ಕಿಂತ ಹೆಚ್ಚು. ಆದರೆ ತೊಗರಿ ಬೇಳೆಯ ಗಿರಣಿಯನ್ನು ನಡೆಸುವ ಅದೇ ವ್ಯಾಪಾರಿ ತನ್ನ ಗಿರಣಿಯ ಮೋಟಾರಿನ ವಿಷಯದಲ್ಲಿ ಇಷ್ಟಕ್ಕೇ ಸುಮ್ಮನಾಗುವುದಿಲ್ಲ. ಮೋಟಾರು ಎಷ್ಟು ಯೂನಿಟ್ ಕುಡಿಯಿತೆಂದು ಕೇಳಿದ ಮೇಲೆ, ಅದು ನಿಂತರೆ ಏನಾಗುತ್ತದೆ, ನಿಂತ ಹೊತ್ತಿನ ನಷ್ಟ ಯಾರದು ಎಂದೂ ಕೇಳುತ್ತಾನೆ. ಗಾಜಿನ ತೊಟ್ಟಿಯ ಮುಂದೆ ನಿಂತಾಗ ಈ ಎರಡನೆಯ ಪ್ರಶ್ನೆ ಅವನಿಗೆ ಹೊಳೆಯದಿರುವುದು ಆಶ್ಚರ್ಯ.

ಇಲ್ಲಿ ಇನ್ನೊಂದು ತೊಡಕಿದೆ. 2023ರ ಜುಲೈ ತಿಂಗಳಿನಿಂದ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಿತು. 2022-23ನೆಯ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಶೇಕಡಾ 10ರಷ್ಟು ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ, ಗೃಹಬಳಕೆಯ ವಿದ್ಯುತ್ತು ಉಚಿತವಾಯಿತು. ಹಿಂದೆ ತಿಂಗಳಿಗೆ 110 ಯೂನಿಟ್ ಬಳಸುತ್ತಿದ್ದ ಮನೆಗೆ 121 ಯೂನಿಟ್ಟಿನವರೆಗೆ ಶೂನ್ಯ ಬಿಲ್ಲು. ಹೆಚ್ಚಾಗಿ ದೊರೆತ ಆ 11 ಯೂನಿಟ್ಟನ್ನು ಹೊಸದಾಗಿ ತಂದ ತೊಟ್ಟಿಯೊಂದೇ ಸರಿಯಾಗಿ ಮುಗಿಸುತ್ತದೆ. ಬಿಲ್ಲಿನಲ್ಲಿ ಮಾತ್ರ ಸೊನ್ನೆ. ಸೊನ್ನೆಯನ್ನು ಕಂಡ ಗೃಹಸ್ಥನು ಖರ್ಚೇ ಇಲ್ಲವೆಂದು ತಿಳಿಯುವುದು ಸಹಜ. ಆದರೆ ರೋಕಡದಿಂದ ಹಣ ಹೊರಗೆ ಹೋಗಲಿಲ್ಲವೆಂದ ಮಾತ್ರಕ್ಕೆ ಖರ್ಚು ಹುಟ್ಟಲಿಲ್ಲವೆಂದು ಯಾವ ಗುಮಾಸ್ತನೂ ಬರೆಯಲಾರ. ಆ ಹಣವನ್ನು ಸರಕಾರವು ವಿದ್ಯುತ್ ಕಂಪನಿಗೆ ತುಂಬಿಕೊಡುತ್ತದೆ, ಅಂದರೆ ಎಲ್ಲರೂ ತುಂಬುತ್ತಾರೆ. (ಟ್ರಸ್ಟುಗಳಿಗೆ ಈ ಸೌಲಭ್ಯವಿಲ್ಲ. ಯಾತ್ರಿನಿವಾಸದ ಪಡಸಾಲೆಯ ತೊಟ್ಟಿಗೆ ಕಾಣಿಕೆಯ ಹಣದಿಂದಲೇ ಬಿಲ್ಲು ಕಟ್ಟಬೇಕು. ಕೋಶಾಧ್ಯಕ್ಷರು ಇದನ್ನು ದುರಸ್ತಿಯ ತಲೆಬರಹದಡಿ ಸೇರಿಸದೆ ಪ್ರತ್ಯೇಕವಾಗಿ ತೋರಿಸಿದರೆ ಸಭೆಯಲ್ಲಿ ಒಂದೆರಡು ಪ್ರಶ್ನೆಗಳಾದರೂ ಬಂದಾವು.)

ವಿದ್ಯುತ್ತು ಸಚಿತ್ತ ತೇಜಸ್ಕಾಯವೋ ಅಲ್ಲವೋ ಎಂಬ ವಿಷಯದಲ್ಲಿ ಮುನಿಸಂಘಗಳೊಳಗೆ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆಯನ್ನು ಇಲ್ಲಿ ಎತ್ತಿಕೊಳ್ಳುವ ಅವಶ್ಯಕತೆಯಿಲ್ಲ. ತಂತಿಯಲ್ಲಿ ಹರಿಯುವುದು ಅಚಿತ್ತವೆಂದೇ ಒಪ್ಪಿದರೂ, ಅದನ್ನು ಹುಟ್ಟಿಸುವ ಸ್ಥಳದಲ್ಲಿ ಉರಿಯುವುದು ನಿಸ್ಸಂಶಯವಾಗಿ ಅಗ್ನಿಯೇ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ, 1985ರಲ್ಲಿ ಮೊದಲ ಘಟಕವನ್ನು ಆರಂಭಿಸಿದ ಶಾಖೋತ್ಪನ್ನ ಕೇಂದ್ರವು 1720 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆದಿದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಾಗಬೇಕಾದರೆ ಮುಕ್ಕಾಲು ಕಿಲೋಗೆ ಸಮೀಪದಷ್ಟು ಇದ್ದಲು ಬೇಕು. ರಾಜ್ಯದ ವಿದ್ಯುತ್ತೆಲ್ಲವೂ ಇದ್ದಲಿನದಲ್ಲ. ಜಲ, ಗಾಳಿ, ಸೂರ್ಯ ಇವುಗಳ ಪಾಲೂ ದೊಡ್ಡದಿದೆ. ಆದರೆ ಅಪರಾತ್ರಿಯಲ್ಲಿ ಪಂಪು ನಡೆಯುವಾಗ ಸೂರ್ಯನಿರುವುದಿಲ್ಲ. ಮೇಲೆ ಹೇಳಿದ 134 ಯೂನಿಟ್ಟನ್ನು ಪೂರ್ತಿ ಇದ್ದಲಿನಿಂದಲೇ ಪಡೆಯುವುದಾದರೆ ವರ್ಷಕ್ಕೆ 90 ಕಿಲೋ ಮೀರಿ ಬೇಕಾಗುತ್ತದೆ. ಒಂದು ಗೋಣಿಚೀಲಕ್ಕೆ ತುಂಬುವಷ್ಟು ಇದ್ದಲನ್ನು ದಿವಾನಖಾನೆಯ ಮೂಲೆಯಲ್ಲಿ ಸುರಿದಿಟ್ಟು, ಇದು ಈ ಆರೇಳು ಮೀನುಗಳ ವರ್ಷದ ಪಾಲು ಎಂದು ತೋರಿಸಿದರೆ ಅತ್ಯಲ್ಪವೆಂಬ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬಾರದು.

ಇನ್ನು ಉಳಿತಾಯದ ಸಲಹೆಗಳನ್ನು ನೋಡಬೇಕು. ಮತ್ಸ್ಯಪಾಲನೆಯ ಕೈಪಿಡಿಗಳಲ್ಲಿ ವಿದ್ಯುತ್ ಉಳಿಸುವ ಬಗೆ ಎಂಬ ಭಾಗವೊಂದು ಇದ್ದೇ ಇರುತ್ತದೆ. ಹೀಟರೇ ಎಲ್ಲಕ್ಕಿಂತ ದೊಡ್ಡ ಖರ್ಚುಗಾರ, ಆದುದರಿಂದ ತೊಟ್ಟಿಯನ್ನು ಗಾಜಿನಿಂದ ಮುಚ್ಚಬೇಕು, ಹಿಂಬದಿಗೆ ಥರ್ಮೋಕೋಲ್ ಹಚ್ಚಬೇಕು, ಬೆಚ್ಚಗಿನ ಕೋಣೆಯಲ್ಲಿಡಬೇಕು ಎಂಬವು ಅಲ್ಲಿನ ಮುಖ್ಯ ಸೂಚನೆಗಳು. ಯುರೋಪು, ಅಮೆರಿಕಗಳಂತಹ ಶೀತದೇಶಗಳ ಅನುಭವದಿಂದ ಹುಟ್ಟಿದ ಈ ಮಾತುಗಳು ಅಲ್ಲಿಗೆ ಸತ್ಯ. ಅವನ್ನು ಹಾಗೆಯೇ ತಂದು ಕಲಬುರಗಿಯ ಗೃಹಸ್ಥನ ಕೈಗಿಡುವುದು ಅವಿವೇಕ. ಕಲಬುರಗಿಯಲ್ಲಿ ಮಾಗಿಯ ಚಳಿಯಲ್ಲಿಯೂ ಹೊರಗಿನ ಕನಿಷ್ಠ ತಾಪಮಾನ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮನೆಯೊಳಗಿನ ನೀರು ಅಷ್ಟರ ಮಟ್ಟಿಗೆ ತಣಿಯುವುದಿಲ್ಲ. ವರ್ಷದ ಬಹುಪಾಲು ಹೀಟರಿಗೆ ಕೆಲಸವೇ ಇಲ್ಲ. ಇಲ್ಲಿಯ ವೈರಿ ಬೇಸಿಗೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ, ಪಶ್ಚಿಮದ ಬಿಸಿಲು ಬಡಿಯುವ ಕಾಂಕ್ರೀಟು ಗೋಡೆಯ ಬಳಿ, ಗಾಜು ಮುಚ್ಚಿ ಥರ್ಮೋಕೋಲ್ ಸುತ್ತಿದ 60 ಲೀಟರ್ ನೀರು ಮೀನಿನ ಪಾಲಿಗೆ ಕುದಿಯುವ ಪಾತ್ರೆಯಾಗದೆ ಇನ್ನೇನಾಗುತ್ತದೆ? ಶೀತದೇಶದಲ್ಲಿ ವಿದ್ಯುತ್ತನ್ನು ಉಳಿಸುವ ಮುಚ್ಚಳವೇ ಇಲ್ಲಿ ಜೀವವನ್ನು ತೆಗೆಯುತ್ತದೆ.

ಇದರ ಕಾರಣ ಸರಳವಾಗಿದೆ. ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಏಳೂವರೆ, 35ರಲ್ಲಿ ಏಳಕ್ಕಿಂತ ಕಡಿಮೆ. ಅದೇ ಹೊತ್ತಿಗೆ ಮೀನಿನ ದೇಹದ ವ್ಯಾಪಾರ ಶಾಖದಿಂದ ಚುರುಕಾಗಿ ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಆದಾಯ ಇಳಿದು ಖರ್ಚು ಏರುವ ಸ್ಥಿತಿ. ಪಂಪು ಅತ್ಯಂತ ಅವಶ್ಯವಾಗಿರುವುದು ಏಪ್ರಿಲ್-ಮೇ ತಿಂಗಳುಗಳಲ್ಲಿ. ಊರಿನ ಎಲ್ಲ ಕೂಲರುಗಳೂ ಎ.ಸಿ.ಗಳೂ ಒಮ್ಮೆಗೇ ತಿರುಗಿ ವಿದ್ಯುತ್ತು ಕೈಕೊಡುವುದೂ ಆ ತಿಂಗಳುಗಳಲ್ಲಿಯೇ. ಫಿಲ್ಟರಿನ ಸ್ಪಂಜಿನಲ್ಲಿ ಮೀನಿನ ಮಲದ ಅಮೋನಿಯಾವನ್ನು ನಿರಪಾಯಗೊಳಿಸುವ ಸೂಕ್ಷ್ಮಾಣುಗಳು ನೆಲೆಸಿರುತ್ತವೆ. ನೀರಿನ ಹರಿವು ಹಲವು ಗಂಟೆ ನಿಂತರೆ ಅವೂ ಉಸಿರುಗಟ್ಟಿ ಸಾಯುತ್ತವೆ. ಸುಣ್ಣದ ಅಂಶ ಹೆಚ್ಚಿರುವ ಕೊಳವೆಬಾವಿಯ ಗಡಸು ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ತೀಕ್ಷ್ಣ. ಇನ್ವರ್ಟರಿದೆಯೆಂಬ ಸಮಾಧಾನವನ್ನು ಕೆಲವರು ಹೇಳುತ್ತಾರೆ. 12 ವ್ಯಾಟಿನ ಪಂಪು-ಫಿಲ್ಟರುಗಳಿಗಾಗಿ ಇಡೀ ಇನ್ವರ್ಟರನ್ನು ಎಚ್ಚರವಾಗಿಟ್ಟರೆ ಅದು ತಾನೇ ಅಷ್ಟನ್ನು, ಕೆಲವೊಮ್ಮೆ ಅದಕ್ಕಿಂತ ಹೆಚ್ಚನ್ನು ನುಂಗುತ್ತದೆಂಬುದನ್ನು ಅವರು ಲೆಕ್ಕಕ್ಕೆ ಹಿಡಿದಂತಿಲ್ಲ.

ನೀರನ್ನು ತಣಿಸಲು ಸಮುದ್ರದ ಮೀನು ಸಾಕುವವರು ಚಿಲ್ಲರ್ ಎಂಬ ಯಂತ್ರವನ್ನು ಇಡುತ್ತಾರೆ. 150 ವ್ಯಾಟಿನ ಚಿಲ್ಲರು ಬೇಸಿಗೆಯ 90 ದಿನ, ದಿನಕ್ಕೆ 10 ಗಂಟೆ ನಡೆದರೆ ಅದೊಂದೇ 135 ಯೂನಿಟ್. ಅಂದರೆ ಸಣ್ಣ ತೊಟ್ಟಿಯ ಇಡೀ ವರ್ಷದ ಖರ್ಚು. ಮಡಕೆಯ ನೀರನ್ನು ಕುಡಿದು ಬೆಳೆದ ಈ ಸೀಮೆಯವರಿಗೆ ಇದಕ್ಕಿಂತ ಅಗ್ಗದ ಉಪಾಯ ಗೊತ್ತಿರಲೇಬೇಕು. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಯೂನಿಟ್ಟಿನ ಮೂರರಲ್ಲಿ ಎರಡು ಪಾಲಿನಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಮುಚ್ಚಳ ತೆಗೆದು ಮೇಲೆ ಜಾಳಿಗೆ ಹೊದಿಸಿ, ನೀರಿನ ಮೇಲ್ಮೈಗೆ ಐದು ವ್ಯಾಟಿನ ಪುಟ್ಟ ಫ್ಯಾನಿನ ಗಾಳಿ ತಾಕುವಂತೆ ಮಾಡಿದರೆ ಕಲಬುರಗಿಯ ಒಣ ಹವೆಯಲ್ಲಿ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟು ನೀರನ್ನು ದಿನವೂ ತುಂಬಬೇಕು. ನಲ್ಲಿಯ ನೀರಿಗಾಗಿ ದಿನಗಟ್ಟಲೆ ಕಾಯುವ ಓಣಿಗಳಲ್ಲಿ ಅದೂ ಸಣ್ಣ ಮಾತೇನಲ್ಲ.

ಇಲ್ಲಿಯವರೆಗಿನದು ಯಂತ್ರದ ಲೆಕ್ಕ. ಶ್ರಾವಕನ ಲೆಕ್ಕ ಬೇರೆಯೇ ಇದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳಿದೆ. ಅವುಗಳಲ್ಲಿ ಪ್ರಮಾದಚರ್ಯೆ ಎಂಬುದು ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲಾಡುವುದು, ಬೆಂಕಿಯನ್ನು ಹೊತ್ತಿಸುವುದು, ಗಾಳಿಯನ್ನು ಬೀಸುವುದು, ಸಸ್ಯಗಳನ್ನು ಕತ್ತರಿಸುವುದು ಮೊದಲಾದವನ್ನು ಒಳಗೊಂಡಿದೆ. ಗಾಜಿನ ತೊಟ್ಟಿಯೊಳಗೆ ಕಣ್ಣಿಟ್ಟು ನೋಡಿದರೆ ಈ ಐದೂ ಅಲ್ಲಿ ಸಾಲಾಗಿ ಕುಳಿತಿವೆ. ತಳದಲ್ಲಿ ಹೊಳೆಯಿಂದ ಬಗೆದು ತಂದ ಮರಳು-ಹರಳು. ಅದರ ಮೇಲೆ ನೀರು. ನೀರಿಗೆ ಹೀಟರು, ದೀಪ. ಒಳಗೆ ನಿರಂತರವಾಗಿ ಊದುವ ಗಾಳಿ. ಬದಿಯಲ್ಲಿ ಕತ್ತರಿಸಿ ನೆಟ್ಟ ಜಲಸಸ್ಯ. ಆಚಾರ್ಯರು ಅಕ್ವೇರಿಯಮ್ಮನ್ನು ಕಂಡವರಲ್ಲ. ಆದರೂ ಪಟ್ಟಿ ಇಷ್ಟು ಕರಾರುವಾಕ್ಕಾಗಿ ಹೊಂದಿಕೊಳ್ಳುವುದು ಗಮನಾರ್ಹ. ರಾತ್ರಿಭೋಜನವನ್ನು ತ್ಯಜಿಸಿ ಸೂರ್ಯಾಸ್ತಕ್ಕೆ ಮೊದಲೇ ಒಲೆಯಾರಿಸುವ ಮನೆಯಲ್ಲಿ, ಮೀನು ಚೆಂದ ಕಾಣಲೆಂದು ತೊಟ್ಟಿಯ ದೀಪ ಹತ್ತು ಗಂಟೆಯವರೆಗೆ ಉರಿಯುತ್ತಿರುವುದು ಒಂದು ವಿಚಿತ್ರ ದೃಶ್ಯವೇ ಸರಿ.

ಹಾಗಾದರೆ ಪಂಪನ್ನು ನಿಲ್ಲಿಸಿಬಿಡೋಣ, ರಾತ್ರಿಯಾದರೂ ನಿಲ್ಲಿಸೋಣ ಎಂದು ಮಿತವ್ಯಯದ ಗೃಹಸ್ಥನು ಹೊರಡುತ್ತಾನೆ. ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ. ಶಾಸ್ತ್ರವು ನಿಷೇಧಿಸಿದ್ದು ಪ್ರಯೋಜನವಿಲ್ಲದ ಆರಂಭವನ್ನು. ಮೀನು ತೊಟ್ಟಿಯೊಳಗಿರುವವರೆಗೆ ಪಂಪಿನ ಗಾಳಿ ನಿಷ್ಪ್ರಯೋಜಕವಲ್ಲ. ಅದು ಪಂಚೇಂದ್ರಿಯ ಜೀವವೊಂದರ ಉಸಿರು. ರಾತ್ರಿಯ ಹೊತ್ತು ಜಲಸಸ್ಯಗಳೂ ಆಮ್ಲಜನಕವನ್ನು ಬಿಡುವುದರ ಬದಲು ತಾವೇ ಬಳಸುತ್ತವೆ. ಆದುದರಿಂದ ಬೆಳಗಿನ ಜಾವವೇ ತೊಟ್ಟಿಗೆ ಅತ್ಯಂತ ಅಪಾಯದ ವೇಳೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ಗಾಜಿನೊಳಗೆ ಕೂಡಿಹಾಕಿದ್ದರಿಂದ ಮೊದಲನೆಯದು ಆಗಲೇ ಘಟಿಸಿದೆ. ಎಂಟು ರೂಪಾಯಿಯ ಉಳಿತಾಯಕ್ಕಾಗಿ ರಾತ್ರಿ ಪಂಪನ್ನು ಆರಿಸಿದರೆ ಅನ್ನಪಾನಕ್ಕಿಂತಲೂ ಮುಖ್ಯವಾದ ಪ್ರಾಣವಾಯುವನ್ನೇ ತಡೆದಂತಾಯಿತು. ತಂಡುಲಮತ್ಸ್ಯದ ಕಥೆಯನ್ನು ಕೇಳಿದ ಶ್ರಾವಕರು, ತಮ್ಮ ಮನಸ್ಸಿನಲ್ಲಿ ಕೆಟ್ಟ ಭಾವವಿಲ್ಲವಾದ್ದರಿಂದ ದೋಷವಿಲ್ಲವೆಂದು ವಾದಿಸಬಹುದು. ಆದರೆ ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಮುಂದಿಡುವುದು ಪ್ರಮಾದವನ್ನು. ಪ್ರಮಾದವೆಂದರೆ ದ್ವೇಷವೊಂದೇ ಅಲ್ಲ, ಅಲಕ್ಷ್ಯವೂ ಹೌದು.

ಹೀಗಾಗಿ ವಿದ್ಯುತ್ತಿನ ಮಿತಿಯನ್ನು ಹಾಕಬೇಕಾದ ಸ್ಥಳ ಮೀಟರಿನ ಬಳಿಯಲ್ಲ, ಅಂಗಡಿಯ ಕಟ್ಟೆಯ ಬಳಿ. ಮೀನನ್ನು ಕೊಂಡ ಮರುಕ್ಷಣದಿಂದ ಅದರ ಯೂನಿಟ್ಟುಗಳು ಸಾಲದ ಕಂತಿನಂತೆ. ಅವನ್ನು ಕಟ್ಟಲೇಬೇಕು, ಕಡಿತಗೊಳಿಸುವ ಹಕ್ಕು ಗೃಹಸ್ಥನಿಗೆ ಉಳಿದಿಲ್ಲ. ಅನರ್ಥದಂಡವು ಖರೀದಿಯ ದಿನದ ಕಿರ್ದಿಯಲ್ಲಿ ಬರೆಯಬೇಕಾದ ಬಾಬತ್ತು, ತಿಂಗಳ ಖರ್ಚಿನದಲ್ಲ. ಉಳಿತಾಯದ ಕೈಪಿಡಿಗಳ ಮೂಲದೋಷವೂ ಇದೇ. ಅವು ಖರೀದಿಯನ್ನು ಪ್ರಶ್ನಿಸದೆ ಕಂತನ್ನು ಕತ್ತರಿಸಲು ಹೇಳುತ್ತವೆ.

ಕರೆಂಟೇ ಬೇಡದ ಮೀನು ಎಂದು ಬೆಟ್ಟಾ ಎಂಬ ಮೀನನ್ನು ಬೋಗುಣಿಯಲ್ಲಿಟ್ಟು ಮಾರುವುದುಂಟು. ಅದು ನೀರಿನ ಮೇಲಕ್ಕೆ ಬಂದು ನೇರವಾಗಿ ಗಾಳಿಯನ್ನು ಸೇವಿಸಬಲ್ಲದು, ಆದುದರಿಂದ ಪಂಪಿಲ್ಲದೆಯೂ ಸಾಯುವುದಿಲ್ಲ. ಸಾಯದೆ ಇರುವುದನ್ನೇ ಸುಖವೆಂದು ಲೆಕ್ಕ ಹಿಡಿಯುವುದಾದರೆ ಕಾರಾಗೃಹಗಳೂ ಸುಖಸ್ಥಾನಗಳೇ. ಈ ಸಂದರ್ಭದಲ್ಲಿ ಇನ್ನೊಂದನ್ನು ಹೇಳಿಬಿಡುವುದು ಒಳಿತು, ವಿದ್ಯುತ್ತಿಗೆ ಸಂಬಂಧಿಸಿದ್ದಲ್ಲವಾದರೂ: ಅಂಗಡಿಗಳಲ್ಲಿ ದೊರೆಯುವ ಮೀನಿನ ಆಹಾರದ ಹರಳುಗಳಲ್ಲಿ ಹೆಚ್ಚಿನವು ಮೀನಿನ ಪುಡಿಯಿಂದಲೇ ಮಾಡಿದವು. ಡಬ್ಬಿಯ ಹಿಂಬದಿಯನ್ನು ಓದಿದ ಶ್ರಾವಕಿಯರು ಎಷ್ಟು ಮಂದಿ ಇದ್ದಾರು?

ಮಕ್ಕಳಿಗೆ ಮೀನನ್ನು ತೋರಿಸಬಾರದೇ ಎಂಬ ಪ್ರಶ್ನೆಗೆ ಉತ್ತರ ಕನ್ನಡ ನಾಡಿನಲ್ಲಿಯೇ ಇದೆ. ಮೀನನ್ನು ಮನೆಗೆ ತರುವುದರ ಬದಲು ಮನುಷ್ಯನೇ ಮೀನಿನ ಬಳಿಗೆ ಹೋಗುವುದು ಹಿಂದಿನವರ ಪದ್ಧತಿಯಾಗಿತ್ತು. ಕಾರ್ಕಳದ ಸಮೀಪದ ವರಂಗದಲ್ಲಿ ಕೆರೆಯ ನಡುವೆ ಚತುರ್ಮುಖ ಬಸದಿಯಿದೆ; ದರ್ಶನಕ್ಕೆ ದೋಣಿಯಲ್ಲಿ ಹೋಗಬೇಕು, ಸುತ್ತಲೂ ನೀರು, ನೀರಿನಲ್ಲಿ ಮೀನು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಬಳಿ ಮೀನು ಹಿಡಿಯುವುದು ನಿಷಿದ್ಧ. ಯಾತ್ರಿಕರು ಮಂಡಕ್ಕಿ ಎರಚಿದರೆ ತೊಡೆಗಾತ್ರದ ಮೀನುಗಳು ಗುಂಪುಗಟ್ಟಿ ಬರುತ್ತವೆ. ಒಂದು ವ್ಯಾಟೂ ಖರ್ಚಿಲ್ಲ. ಅಷ್ಟು ದೂರವೇಕೆ, ಕಲಬುರಗಿಯಿಂದ ಸುಮಾರು 40 ಕಿಲೋಮೀಟರಿನ ಮಳಖೇಡದ ನೇಮಿನಾಥ ಬಸದಿಗೆ ಹೋದವರು ಅಲ್ಲಿಯೇ ಹರಿಯುವ ಕಾಗಿಣಾ ನದಿಯ ದಂಡೆಯಲ್ಲಿ ಮಕ್ಕಳೊಡನೆ ಅರ್ಧ ಗಂಟೆ ಕುಳಿತು ಬರಬಹುದು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರನ್ನು ಹತ್ತು ನಿಮಿಷದಲ್ಲಿ ನೋಡಿ ಮುಗಿಸಿ ಮರಳುವ ಬಸ್ಸಿಗೆ ಓಡುವವರೇ ಹೆಚ್ಚು.

ಇದನ್ನೋದಿ ಮನಸ್ಸು ಕರಗಿದವರು ತಮ್ಮ ತೊಟ್ಟಿಯ ಮೀನುಗಳನ್ನು ಜೀವದಯೆಯೆಂದು ಶರಣಬಸವೇಶ್ವರರ ಕೆರೆಗೋ ಹತ್ತಿರದ ಹಳ್ಳಕ್ಕೋ ಬಿಟ್ಟುಬಂದರೆ ಅದು ಇನ್ನೊಂದು ಪ್ರಮಾದವಾದೀತು. ಬಲೆಯಲ್ಲಿ ಸಿಕ್ಕ ಮೊದಲ ಮೀನನ್ನು ಬಿಡುವ ವ್ರತ ಹಿಡಿದ ಮೃಗಸೇನ ಧೀವರನು ಮೀನನ್ನು ಮರಳಿಸಿದ್ದು ಅದರದೇ ನೀರಿಗೆ. ಅಂಗಡಿಯ ಮೀನುಗಳು ಈ ನೀರಿನವಲ್ಲ. ತೊಟ್ಟಿಯ ಪಾಚಿ ತಿನ್ನಲೆಂದು ಮಾರುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಹೀಗೆ ಬಿಟ್ಟದ್ದರಿಂದಲೇ ಆಂಧ್ರ, ತಮಿಳುನಾಡುಗಳ ಕೆರೆ-ಹೊಳೆಗಳಲ್ಲಿ ಹಬ್ಬಿ ಸ್ಥಳೀಯ ಮೀನುಗಳ ಆಹಾರವನ್ನು ಕಬಳಿಸುತ್ತಿದೆ.

ಆಗಲೇ ತೊಟ್ಟಿಯಿರುವ ಮನೆಯವರಿಗೂ ಟ್ರಸ್ಟಿನವರಿಗೂ ಉಳಿದಿರುವ ದಾರಿಯೊಂದೇ. ಹೊಸ ಮೀನನ್ನು ತರಕೂಡದು. ಇರುವ ಮೀನು ತಂಪು ನೀರನ್ನು ತಾಳುವಂಥವಾದರೆ ಹೀಟರನ್ನು ತೆಗೆದಿಟ್ಟು, ದೀಪವನ್ನು ಸಂಜೆಯ ಊಟದೊಂದಿಗೇ ಆರಿಸಿ, ತೊಟ್ಟಿಯನ್ನು ಪಶ್ಚಿಮದ ಗೋಡೆಯಿಂದ ಮನೆಯ ನಡುಕೋಣೆಗೆ ಸರಿಸಿ, ಬೇಸಿಗೆಯಲ್ಲಿ ಮುಚ್ಚಳದ ಬದಲು ಜಾಳಿಗೆ ಹೊದಿಸಬೇಕು. ವಿದ್ಯುತ್ತು ಹೋದಾಗ ನಡೆಯುವ ಸಣ್ಣ ಬ್ಯಾಟರಿ ಪಂಪೊಂದನ್ನು ಏಪ್ರಿಲ್ಲಿಗೆ ಮೊದಲೇ ತಂದಿಡಬೇಕು. ದೀಪ ಹಿಂದೆಯೇ ಮಿತವಾಗಿದ್ದರೆ ಇದರಿಂದ ಉಳಿಯುವುದು ತಿಂಗಳಿಗೆ ಒಂದೆರಡು ಯೂನಿಟ್ ಮಾತ್ರ. ಪಂಪು ಮತ್ತು ಫಿಲ್ಟರಿನ ಒಂಬತ್ತು ಯೂನಿಟ್ಟನ್ನು ಕೊನೆಯ ಮೀನು ಇರುವವರೆಗೂ ಕೊಡುತ್ತಿರಬೇಕು; ಅದು ಸ್ವರ್ಣಮೀನಾಗಿದ್ದು ಚೆನ್ನಾಗಿ ನೋಡಿಕೊಂಡದ್ದಾದರೆ ಹತ್ತು ವರ್ಷಕ್ಕೂ ಹೆಚ್ಚು ಬದುಕಬಹುದು.